ಏಳನೇ ಕೋಣೆಯ ನೀರು

ನೀರು ಬಾಗಿಲಿಗೆ ಹೋಗಲಿಲ್ಲ.

ಪೊರಕೆ ಹಿಡಿದು ಬಗ್ಗಿದ್ದ ಆಯಾ ಬಗ್ಗಿದಂತೆಯೇ ನಿಂತಳು. ಹತ್ತೊಂಬತ್ತು ವರ್ಷಗಳಿಂದ ಈ ಏಳನೇ ಕೋಣೆಯನ್ನು ತೊಳೆಯುತ್ತ ಬಂದಿದ್ದಳು. ಹಿಂದಿನ ಗೋಡೆಯ ಬುಡದಲ್ಲಿ ಬಕೆಟ್ ಬೋರಲು ಹಾಕಿದರೆ ಸಾಕು, ನೀರು ತಾನೇ ದಾರಿ ಹಿಡಿದು, ಹೊಸ್ತಿಲು ದಾಟಿ ಅಂಗಳಕ್ಕೆ ಇಳಿಯುತ್ತಿತ್ತು. ಪೊರಕೆ ಅದರ ಹಿಂದೆ ಸುಮ್ಮನೆ ನಡೆದುಕೊಂಡು ಹೋಗಬೇಕು, ಅಷ್ಟೆ.

ಇವತ್ತು ನೀರು ಎರಡು ಮಾರು ಮುಂದೆ ಹೋಯಿತು. ನಿಂತಿತು. ಮೆಲ್ಲಗೆ ಹಿಂದಕ್ಕೆ ತಿರುಗಿ ಬಂದು ಅವಳ ಪಾದ ಮುಟ್ಟಿತು. ಅವಳನ್ನೂ ದಾಟಿ ಹೋಗಿ ಗೋಡೆಯ ಬುಡದಲ್ಲಿ ಗುಂಪುಗೂಡಿತು.

ತಲೆ ಸುತ್ತುತ್ತಿರಬೇಕು ಅಂದುಕೊಂಡಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಇನ್ನೊಂದು ಬಕೆಟ್ ತಂದು ಈ ಸಲ ಬಾಗಿಲ ಹತ್ತಿರವೇ ಸುರಿದಳು. ಅದೂ ಹಿಂದಕ್ಕೇ ಬಂತು. ಗೋಡೆಯ ಬುಡದಲ್ಲಿ ನಿಂತ ನೀರು ನೋಡುನೋಡುತ್ತಿದ್ದಂತೆ ಕಡಿಮೆಯಾಯಿತು. ಯಾರೋ ಕೆಳಗಿನಿಂದ ಕುಡಿಯುತ್ತಿದ್ದ ಹಾಗೆ.

ಭೂಮಿ ನಡುಗಿ ಐದು ದಿನವಾಗಿತ್ತು. ನಡುಗಿದ್ದು ಭಾನುವಾರ, ಹಾಗಾಗಿ ಶಾಲೆಯಲ್ಲಿ ಮಕ್ಕಳಿರಲಿಲ್ಲ. ಅದೊಂದು ಪುಣ್ಯ ಎಂದು ಊರೆಲ್ಲ ಹೇಳಿತು. ಮರುದಿನದಿಂದ ಬೆಂಚುಗಳನ್ನೆಲ್ಲ ಅಂಗಳಕ್ಕೆ ಹೊತ್ತು ತಂದವಳು ಆಯಾ. ಮುಂದಿನ ಕಟ್ಟಡದ ಆರು ಕೋಣೆ, ಸಭೆ ನಡೆಸುವ ಒಂದು ಹಾಲು, ಹಿಂದಿನ ಏಳನೇ ಕೋಣೆ. ಎಷ್ಟು ಬೆಂಚು ಅಂತ ಅವಳ ಹೆಗಲು ಹೇಳೀತು.

ಮುಂದಿನ ಕಟ್ಟಡಕ್ಕೆ ಕಾಂಕ್ರೀಟಿನ ಕಂಬಗಳಿದ್ದವು, ಬೀದಿಯ ಕಡೆ ಕಿಟಕಿಗಳಿದ್ದವು. ಏಳನೇ ಕೋಣೆಗೆ ಇಟ್ಟಿಗೆಯ ಗೋಡೆ, ಒಂದೇ ಕಿಟಕಿ. ಅದರ ಬೆನ್ನಿಗೆ ಅಂಟಿಕೊಂಡಂತೆ ಪಾಯಖಾನೆ. ಚರಂಡಿ ಬೀದಿಯ ಮಕ್ಕಳು ಕೂರುತ್ತಿದ್ದುದು ಅಲ್ಲಿ. ಒಂದನೇ ತರಗತಿಯಿಂದ ನಾಲ್ಕನೆಯವರೆಗೂ ಎಲ್ಲರಿಗೂ ಅದೊಂದೇ ಕೋಣೆ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ. ಪಾಯಖಾನೆ, ಮೋರಿ, ಆಸ್ಪತ್ರೆಯ ಹೊಲಸು ಬಟ್ಟೆ, ಸತ್ತ ನಾಯಿ, ಇವನ್ನೆಲ್ಲ ಎತ್ತುವವರು ಇರುವುದು ಚರಂಡಿ ಬೀದಿಯಲ್ಲಿ. ಅವರ ಮಕ್ಕಳು ಪಾಯಖಾನೆಯ ಪಕ್ಕದಲ್ಲಿ ಕೂತರೆ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಆಯಾ ಆ ಬೀದಿಯವಳೇ. ಅವಳ ಮೊಮ್ಮಗಳು ಆ ಕೋಣೆಯಲ್ಲಿ ಎರಡನೇ ತರಗತಿ. ಹುಟ್ಟುವಾಗ ಅಂಗೈಯಷ್ಟಿದ್ದಳು ಎಂದು ಮನೆಯವರು ಅವಳನ್ನು ಚಿಟಿಕೆ ಅಂತಲೇ ಕರೆಯುತ್ತಿದ್ದರು.

ಆಯಾ ಪೊರಕೆ ಗೋಡೆಗೊರಗಿಸಿ ಹೆಡ್ಮಾಸ್ಟರ ಕೋಣೆಯ ಹೊರಗೆ ನಿಂತಳು.

"ಸಾರ್, ಏಳನೇ ರೂಮಲ್ಲಿ ನೀರು ಹಿಂದಕ್ಕೆ ಬರ್ತಿದೆ."

ಹೆಡ್ಮಾಸ್ಟರು ತಲೆಯೆತ್ತಿದರು. ಕೆಟ್ಟವರಲ್ಲ ಅವರು. ಕಳೆದ ಚಳಿಗಾಲದಲ್ಲಿ ಅವಳ ಕೆಮ್ಮು ಕೇಳಿ ತಮ್ಮ ಮಾತ್ರೆ ಕೊಟ್ಟಿದ್ದರು. ಮೇಜಿನ ಅಂಚಿನಲ್ಲಿಟ್ಟು, ತಗೋ ಎಂದಿದ್ದರು.

"ನೀರು ಎಲ್ಲಿಗಾದ್ರೂ ಹೋಗ್ಲಿ ಬಿಡು. ನೆಲ ಒಣಗಿದ್ರಾಯ್ತು."

"ಹಂಗಲ್ಲ ಸಾರ್. ನೆಲ ಇಳಿದಿರ್ಬೇಕು. ಗೋಡೇಲಿ ಬಿರುಕೂ ಬಿಟ್ಟಿದೆ, ಬೆರಳು ತೂರತ್ತೆ."

ಹೆಡ್ಮಾಸ್ಟರು ಎದ್ದು ಬಾಗಿಲವರೆಗೆ ಬಂದರು. ಅಂಗಳ ನೋಡಿದರು. ದನಿ ಇಳಿಸಿದರು.

"ನೋಡು ಆಯಾ. ಮಧ್ಯಾಹ್ನ ಎಂಜಿನಿಯರ್ ಬರ್ತಾರೆ. ಹಸಿರು, ಹಳದಿ, ಕೆಂಪು ಅಂತ ಗುರುತು ಹಾಕ್ತಾರೆ. ಹಸಿರು ಅಂದ್ರೆ ಕೂರಬಹುದು, ಕೆಂಪು ಅಂದ್ರೆ ಬೀಗ. ಏಳನೇದು ಕೆಂಪಾಯ್ತು ಅಂತಿಟ್ಕೋ. ನಿಮ್ಮ ಬೀದಿ ಮಕ್ಕಳನ್ನ ನಾನು ಎಲ್ಲಿ ಕೂರಿಸ್ಲಿ?"

"ಮುಂದ್ಗಡೆ ಹಾಲಿದೆಯಲ್ಲ ಸಾರ್."

ಉತ್ತರ ಇಬ್ಬರಿಗೂ ಗೊತ್ತಿತ್ತು. ಸೋಮವಾರ, ಮಂಗಳವಾರ ಎಲ್ಲ ಮಕ್ಕಳೂ ಅಂಗಳದಲ್ಲಿ ಒಟ್ಟಿಗೇ ಕೂತಿದ್ದರು. ಚಿಟಿಕೆಯ ಪಕ್ಕ ಬಟ್ಟೆ ಅಂಗಡಿಯವರ ಹುಡುಗಿ ಕೂತಿದ್ದಳು. ಇಬ್ಬರೂ ಒಂದೇ ಪೆನ್ಸಿಲನ್ನು ಹಂಚಿಕೊಂಡು ಬರೆದಿದ್ದರು. ಬುಧವಾರ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಅವರೇನೂ ಕೂಗಾಡಲಿಲ್ಲ. "ಮಕ್ಕಳಿಗೆ ಅವರವರ ಜಾಗ ಬೇಗ ಸಿಕ್ಕರೆ ಒಳ್ಳೇದು" ಎಂದರು. ಗುರುವಾರ ಅಂಗಳದ ನಡುವೆ ಹಗ್ಗ ಕಟ್ಟಲಾಯಿತು. ಕಟ್ಟಿದ್ದು ಆಯಾ.

"ಒಂಚೂರು ಚೊಕ್ಕಟ ಮಾಡಿಬಿಡು" ಎಂದರು ಹೆಡ್ಮಾಸ್ಟರು. "ಬಿರುಕು ಗಿರುಕು ಕಣ್ಣಿಗೆ ಹೊಡೀದ ಹಾಗೆ. ನಿನ್ನ ಮೊಮ್ಮಗಳ ಒಳ್ಳೇದಕ್ಕೇ ಹೇಳ್ತಿರೋದು. ಇಲ್ಲಾಂದ್ರೆ ಬೀದೀಲಿ ಕೂರ್ತಾಳೆ."

ಅವಳು ಚೊಕ್ಕಟ ಮಾಡಿದಳು.

ಚೊಕ್ಕಟ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದು ಅವಳ ಹೆಮ್ಮೆ, ಅವಳಿಗಿದ್ದ ಒಂದೇ ಹೆಮ್ಮೆ. ಮೊದಲು ಗೋಡೆಯ ಬುಡದಲ್ಲಿ ಗೆರೆ ಎಳೆದ ಹಾಗೆ ಉದುರಿದ್ದ ಇಟ್ಟಿಗೆಯ ಕೆಂಪು ಪುಡಿಯನ್ನು ಗುಡಿಸಿದಳು. ಕಪ್ಪುಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ತುಂಡುಗಳನ್ನು ಚಿಟಿಕೆಗೆಂದು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಅದನ್ನೆಲ್ಲ ಕಲ್ಲಿನ ಮೇಲೆ ಅರೆದಳು. ಸುಣ್ಣ, ಗೋಂದು ಸೇರಿಸಿ ಕಲಸಿದಳು. ಬಿರುಕು ಅವಳ ಎದೆಯ ಎತ್ತರದಿಂದ ನೆಲದವರೆಗೆ ಓರೆಯಾಗಿ ಇಳಿದಿತ್ತು. ಕಲಸಿದ್ದನ್ನು ಹಾಕಿದರೆ ಒಳಗೇ ಬಿದ್ದುಹೋಗುತ್ತಿತ್ತು. ಎಷ್ಟು ಹಾಕಿದರೂ ನುಂಗುತ್ತಿತ್ತು.

"ನಿನ್ನ ಹೊಟ್ಟೆ ಏನು ಬಾವೀನಾ?" ಎಂದು ಗೋಡೆಯನ್ನು ಬೈದಳು.

ಕೊನೆಗೆ ನೆಲ ಒರೆಸುವ ಬಟ್ಟೆ ತಂದಳು. ಅದು ಚಿಟಿಕೆ ಮೂರು ವರ್ಷದವಳಿದ್ದಾಗ ಹಾಕುತ್ತಿದ್ದ ನೀಲಿ ಫ್ರಾಕು. ಹರಿದ ಮೇಲೆ ಒರೆಸುವ ಬಟ್ಟೆಯಾಗಿತ್ತು. ಪೊರಕೆಯ ಹಿಡಿಯಿಂದ ಅದನ್ನು ಬಿರುಕಿನೊಳಗೆ ತುರುಕಿದಳು. ಇಡೀ ಫ್ರಾಕು ಹಿಡಿಸಿತು. ಅದರ ಮೇಲೆ ಸುಣ್ಣ ಮೆತ್ತಿ, ಹೆಬ್ಬೆರಳಿನಿಂದ ನಯ ಮಾಡಿ, ಒದ್ದೆ ಬಟ್ಟೆಯಿಂದ ತೀಡಿದಳು. ಒಂದು ಗಂಟೆಯ ಹೊತ್ತಿಗೆ ಗೋಡೆ ಹೊಸದರಂತಾಯಿತು. ದೂರ ನಿಂತು ನೋಡಿದಳು. ಪರವಾಗಿಲ್ಲ ಅನ್ನಿಸಿತು. ಕೈ ಮಾತ್ರ ಸುಣ್ಣ ತಿಂದು ಬಿರಿದಿತ್ತು.

ಎಂಜಿನಿಯರ್ ಒಬ್ಬ ಹೆಂಗಸು. ನಲವತ್ತರ ಆಸುಪಾಸು. ಧೂಳು ಹಿಡಿದ ಬೂಟು, ಬಿಸಿಲಿಗೆ ಕಂದಿದ ಮುಖ. ಜೊತೆಗೆ ಫೈಲು, ಬಣ್ಣದ ಡಬ್ಬಿ ಹಿಡಿದ ಒಬ್ಬ ಗುಮಾಸ್ತ. ಮುಂದಿನ ಕಟ್ಟಡವನ್ನು ಅವರು ಒಂದು ಗಂಟೆ ನೋಡಿದರು. ಎಂಜಿನಿಯರಮ್ಮ ಪ್ರತಿ ಕಂಬವನ್ನೂ ಪುಟ್ಟ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟಳು. ಕೂದಲೆಳೆಯಂಥ ಗೀರುಗಳ ಮೇಲೆ ಅಳತೆಯ ಪಟ್ಟಿ ಇಟ್ಟಳು. ಮೆಟ್ಟಿಲಿನ ಬಳಿ ಒಂದು ಸೀಳು ಕಂಡು, ಅಲ್ಲಿಗೆ ಮಾತ್ರ ಹಳದಿ ಹಾಕಿ, "ಸೋಮವಾರ ಬಂದು ಇನ್ನೊಮ್ಮೆ ನೋಡ್ತೀನಿ" ಎಂದಳು. ಉಳಿದದ್ದಕ್ಕೆಲ್ಲ ಹಸಿರು. ಹಾಲಿಗೂ ಹಸಿರು.

ಏಳನೇ ಕೋಣೆಗೆ ಬರುವಾಗ ಗಾಳಿ ಬೀಸಿತು. ಭೂಮಿ ನಡುಗಿದಾಗ ಪಾಯಖಾನೆಯ ಗುಂಡಿ ಒಡೆದು ಹಿತ್ತಲೆಲ್ಲ ಹೊಲಸು ಹರಡಿತ್ತು. ಗುಮಾಸ್ತ ಮೂಗು ಮುಚ್ಚಿಕೊಂಡ. ಎಂಜಿನಿಯರಮ್ಮ ಮೂಗು ಮುಚ್ಚಲಿಲ್ಲ. ಉಸಿರು ಬಿಗಿಹಿಡಿದದ್ದು ಮಾತ್ರ ಆಯಾಳಿಗೆ ಕಂಡಿತು.

ಒಳಗೆ ಬಂದವಳು ನಾಲ್ಕೂ ಗೋಡೆ ನೋಡಿದಳು.

"ಯಾರು ಇಷ್ಟು ಚೆನ್ನಾಗಿ ಇಟ್ಟಿರೋದು? ಬೆಳಿಗ್ಗೆಯಿಂದ ಆರು ಶಾಲೆ ನೋಡಿದ್ದೀನಿ. ಇಷ್ಟು ಚೊಕ್ಕಟವಾದ ಕೋಣೆ ಎಲ್ಲೂ ಇಲ್ಲ."

"ನಮ್ಮ ಆಯಾ ಮೇಡಂ" ಎಂದರು ಹೆಡ್ಮಾಸ್ಟರು.

ಆಯಾ ಬಾಗಿಲ ಮರೆಯಲ್ಲಿದ್ದಳು. ಹೇಳಬೇಕು ಅಂತ ಬಾಯಿ ತೆರೆದಳು. ನೀರು ಹಿಂದಕ್ಕೆ ಬರುತ್ತದೆ ಅಂತ. ಬೆಳಗಿನಿಂದ ಸುಣ್ಣದ ಪುಡಿ ಕುಡಿದ ಗಂಟಲು, ಮಾತಿನ ಬದಲು ಕೆಮ್ಮು ಬಂತು. ಕೆಮ್ಮು ನಿಲ್ಲಲಿಲ್ಲ. ಕಣ್ಣಲ್ಲಿ ನೀರು ಬಂತು.

ಎಂಜಿನಿಯರಮ್ಮ ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟಳು. ಮೇಜಿನ ಮೇಲಿಡಲಿಲ್ಲ. ನೆಲದ ಮೇಲಿಡಲಿಲ್ಲ. ಕೈಗೆ ಕೊಟ್ಟಳು.

"ಕುಡೀರಿ ಅಮ್ಮ. ನಿಧಾನ."

ಆಯಾ ಬಾಟಲಿ ಎತ್ತಿ ಹಿಡಿದು ಬಾಯಿಗೆ ತಾಗದಂತೆ ಸುರಿದುಕೊಳ್ಳಲು ಹೋದಳು.

"ಕಚ್ಚಿಕೊಂಡೇ ಕುಡೀರಿ, ಪರವಾಗಿಲ್ಲ" ಎಂದಳು ಎಂಜಿನಿಯರಮ್ಮ. ಆಯಾ ಕುಡಿದು ಕೊಟ್ಟ ಮೇಲೆ ತಾನೂ ಅದೇ ಬಾಟಲಿಯಿಂದ ಒಂದು ಗುಟುಕು ಕುಡಿದಳು.

ಆಯಾ ಅದನ್ನು ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಈ ಶಾಲೆಯಲ್ಲಿ ಯಾರೂ ಹಾಗೆ ಮಾಡಿರಲಿಲ್ಲ. ಇಂಥವಳ ಮುಂದೆ ತಾನು ಬಿರುಕು ಮುಚ್ಚಿದ್ದೇನೆ ಎಂದು ಹೇಗೆ ಹೇಳುವುದು? ಚೊಕ್ಕಟ ಎಂದು ಹೊಗಳಿದವಳಿಗೆ, ಅದು ಸುಳ್ಳು ಎನ್ನುವುದೆ? ಆ ನೀರಿನ ಜೊತೆಗೇ ಅವಳು ಮಾತನ್ನೂ ನುಂಗಿದಳು.

"ಹಿಂದ್ಗಡೆ ಹೊರಗಿನಿಂದ ಗೋಡೆ ಹೇಗಿದೆ?" ಎಂಜಿನಿಯರಮ್ಮ ಕೇಳಿದಳು.

"ಒಳಗಿದ್ದ ಹಾಗೇ ಮೇಡಂ" ಎಂದರು ಹೆಡ್ಮಾಸ್ಟರು.

ಅವಳು ಕಿಟಕಿಯ ಕಡೆ ನೋಡಿದಳು. ಗಡಿಯಾರ ನೋಡಿದಳು. ಇನ್ನೂ ನಾಲ್ಕು ಶಾಲೆ ಬಾಕಿ ಎಂದು ಗುಮಾಸ್ತ ನೆನಪಿಸಿದ. ಫೈಲಿನಲ್ಲಿ ಒಂದು ಗುರುತು ಬಿತ್ತು. ಬಾಗಿಲ ಮೇಲೆ ಅಂಗೈಯಗಲದ ಹಸಿರು ದುಂಡಗೆ ಬಿತ್ತು. ಒಳಗೆ ಬಂದು ನಾಲ್ಕು ನಿಮಿಷವೂ ಆಗಿರಲಿಲ್ಲ.

ಶನಿವಾರ ಆಯಾ ಹಿತ್ತಲಿಗೆ ಹೋದಳು. ಸೋಮವಾರ ಕೋಣೆಗಳನ್ನು ತೆರೆಯುವ ಮುಂಚೆ ಹೊಲಸು ಎತ್ತಬೇಕಿತ್ತು. ಅಲ್ಲಿಗೆ ಅವಳು ಬಿಟ್ಟರೆ ಇನ್ಯಾರೂ ಹೋಗುತ್ತಿರಲಿಲ್ಲ. ಬರಿಗಾಲು. ಕಣಕಾಲು ಮುಳುಗುತ್ತಿತ್ತು. ಸಲಿಕೆಯಿಂದ ಎತ್ತಿ ತಗಡಿನ ಡಬ್ಬಕ್ಕೆ ತುಂಬಿ, ಡಬ್ಬ ಸೊಂಟಕ್ಕೇರಿಸಿ, ಆಚೆ ಮೋರಿಗೆ ಸುರಿದು ಬರಬೇಕು. ಒಂಬತ್ತನೇ ಡಬ್ಬಕ್ಕೆ ಸೊಂಟ ಹಿಡಿಯಿತು. ಗೋಡೆಗೆ ಕೈಯೂರಿ ನಿಲ್ಲಲು ನೋಡಿದಳು.

ಕೈ ಗೋಡೆಯೊಳಗೆ ಹೋಯಿತು.

ಮಣಿಕಟ್ಟಿನವರೆಗೆ. ಒಳಗೆ ತಣ್ಣಗಿತ್ತು.

ಅವಳು ಹಿಂದೆ ಸರಿದು ಪೂರ್ತಿ ಗೋಡೆ ನೋಡಿದಳು. ಒಂಬತ್ತು ಡಬ್ಬ ಹೊರುವಾಗಲೂ ತಲೆ ತಗ್ಗಿಸಿಕೊಂಡೇ ಇದ್ದುದರಿಂದ ನೋಡಿರಲಿಲ್ಲ. ಗೋಡೆ ಬಸುರಿಯ ಹೊಟ್ಟೆಯಂತೆ ಹೊರಕ್ಕೆ ಉಬ್ಬಿತ್ತು. ಗುಂಡಿಯ ನೀರು ಕುಡಿದು ಬುಡದ ಮಣ್ಣು ಕುಸಿದಿತ್ತು. ಅಡಿಪಾಯದ ಕಲ್ಲು ಒಂದು ಪಕ್ಕಕ್ಕೆ ವಾಲಿತ್ತು. ಒಳಗೆ ಬೆರಳು ತೂರುತ್ತಿದ್ದ ಬಿರುಕು ಇಲ್ಲಿ ಅಂಗೈ ತೂರುವಷ್ಟು ಅಗಲವಾಗಿತ್ತು. ಅದರ ಆಳದಲ್ಲಿ, ಇಟ್ಟಿಗೆಗಳ ನಡುವೆ, ಏನೋ ನೀಲಿ ಕಂಡಿತು.

ಬಗ್ಗಿ ನೋಡಿದಳು.

ಚಿಟಿಕೆಯ ಫ್ರಾಕು.

ಒಳಗಿನಿಂದ ತಾನು ತುರುಕಿದ್ದು ಹೊರಗಿನಿಂದ ಕಾಣುತ್ತಿತ್ತು. ಅಂದರೆ ನಡುವೆ ಗೋಡೆಯೇ ಇರಲಿಲ್ಲ. ಇದ್ದದ್ದು ಒಂದು ಹರಕು ಬಟ್ಟೆ, ಅದರ ಮೇಲೆ ಅವಳ ಹೆಬ್ಬೆರಳು ನಯ ಮಾಡಿದ ಸೀಮೆಸುಣ್ಣ.

ಹೊಲಸಿನಲ್ಲೇ ಕುಕ್ಕರಿಸಿದಳು.

ಕಾಲು ತೊಳೆದುಕೊಂಡು ಹೆಡ್ಮಾಸ್ಟರ ಬಾಗಿಲಿಗೆ ಹೋದಳು. ಒಳಗೆ ಅಧ್ಯಕ್ಷರೂ ಇದ್ದರು. ಚಹಾ ಕುಡಿಯುತ್ತಿದ್ದರು.

"ಸಾರ್, ಒಂದ್ಸಲ ಹಿತ್ಲಿಗೆ ಬನ್ನಿ. ಗೋಡೆ ಬೀಳತ್ತೆ."

"ಹಸಿರು ಹಾಕಿದಾರಲ್ಲ" ಎಂದರು ಹೆಡ್ಮಾಸ್ಟರು.

"ಅವರು ಹಿಂದೆ ನೋಡ್ಲಿಲ್ಲ ಸಾರ್. ಬರೀ ಒಂದ್ನಿಮಿಷ. ನಿಮ್ಮ ಕಣ್ಣಾರೆ ನೋಡಿ."

ಹೆಡ್ಮಾಸ್ಟರು ಅರ್ಧ ಎದ್ದರು. ಅಧ್ಯಕ್ಷರು ಬಟ್ಟಲು ಕೆಳಗಿಟ್ಟರು.

"ಏನಮ್ಮಾ, ಆ ಎಂಜಿನಿಯರ್ ಎಷ್ಟು ವರ್ಷ ಓದಿರ್ತಾರೆ ಗೊತ್ತಾ? ನೀನು ಎಷ್ಟು ಓದಿದ್ದೀಯ?"

"ಏನೂ ಇಲ್ಲ."

"ಮತ್ತೆ?"

"ನನ್ನ ಕೈ ಒಳಗೆ ಹೋಯ್ತು."

ಅಧ್ಯಕ್ಷರು ನಕ್ಕರು. "ಕೈ ತೊಳ್ಕೊಂಡ್ಯಾ? ಇಲ್ಲೀವರೆಗೂ ವಾಸನೆ ಬರ್ತಿದೆ."

ಹೆಡ್ಮಾಸ್ಟರು ನಗಲಿಲ್ಲ. ಆದರೆ ಕೂತರು. ಅವಳ ಮುಖ ನೋಡದೆ ಹೇಳಿದರು. "ಅಲ್ಲೆಲ್ಲ ನಾನು ಹೇಗೆ ಬರ್ಲಿ ಆಯಾ. ಅದಕ್ಕೇ ತಾನೇ ನೀನಿರೋದು. ಹೋಗು, ಸೋಮವಾರ ಬೆಂಚೆಲ್ಲ ಒಳಗಿಡು."

ಚರಂಡಿ ಬೀದಿಯ ಮನೆಗಳಿಗೆ ಭೂಕಂಪದಿಂದ ಏನೂ ಆಗಿರಲಿಲ್ಲ. ತಗಡು ಅಲುಗಾಡಿ ಮತ್ತೆ ಕೂತಿತ್ತು. ಬೀಳುವುದಕ್ಕೆ ಅಲ್ಲಿ ಏನಿತ್ತು?

ಭಾನುವಾರ ಮಧ್ಯಾಹ್ನ ಆಯಾಳ ಮಗಳು, ಚಿಟಿಕೆಯ ತಾಯಿ, ಆಸ್ಪತ್ರೆಯ ಬಟ್ಟೆ ಒಗೆದು ಬಂದು ಕಾಲು ಚಾಚಿದ್ದಳು. ಒಗೆಯುವ ಸೋಡಾ ತಿಂದ ಅವಳ ಬೆರಳುಗಳಿಗೆ ಆಯಾ ಎಣ್ಣೆ ಹಚ್ಚುತ್ತಾ ಎಲ್ಲವನ್ನೂ ಹೇಳಿದಳು. ಫ್ರಾಕಿನ ವಿಷಯವನ್ನೂ ಹೇಳಿದಳು.

ಮಗಳು ಎಣ್ಣೆ ಹತ್ತಿದ ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ನಿನಗೆ ಯಾರಮ್ಮ ಅಷ್ಟು ಚೆನ್ನಾಗಿ ಮೆತ್ತು ಅಂದಿದ್ದು?" ಎಂದಳು.

"ಮಾಡೋ ಕೆಲಸ ನೆಟ್ಟಗೆ ಮಾಡ್ಬೇಕಲ್ಲೇ."

"ಹೂಂ. ನಮ್ಮನ್ನ ಹೂಳೋ ಗುಂಡೀನೂ ನಾವೇ ನೆಟ್ಟಗೆ ತೋಡಿ, ಅಂಚು ಗುಡಿಸಿ, ನೀರು ಚಿಮುಕಿಸಿ ಕೊಡ್ತೀವಿ."

ಆಯಾ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಹೊಸ್ತಿಲಲ್ಲಿ ಕೂತು ಚೀಲಕ್ಕೆ ಪುಸ್ತಕ ತುಂಬುತ್ತಿದ್ದ ಚಿಟಿಕೆ ತಲೆಯೆತ್ತಿ, "ಅಜ್ಜೀ, ನಾಳೆ ನಾನು ಹಿಂದಿನ ಬೆಂಚು. ಗೋಡೆ ತಣ್ಣಗಿರತ್ತೆ, ಒರಗಿಕೋಬೋದು" ಎಂದಳು.

"ಒರಗಬೇಡ" ಎಂದಳು ಆಯಾ. ಆ ದನಿಗೆ ಮಗು ಬೆಚ್ಚಿತು.

ಮಗಳು ಕೈ ಹಿಂತೆಗೆದುಕೊಂಡಳು. "ಕೆಲಸ ಹೋಗತ್ತಮ್ಮ."

"ಹೋಗತ್ತೆ."

"ಸರಿ. ನಾಳೆ ನಾನೂ ಬರ್ತೀನಿ. ಬೀದಿಯವರಿಗೂ ಹೇಳ್ತೀನಿ."

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳು ಎರಡು ಸಾಲಾಗಿ ನಿಂತಿದ್ದರು. ನಡುವೆ ಹಗ್ಗ. ಬೇಲಿಯ ಆಚೆ ಚರಂಡಿ ಬೀದಿಯ ಹೆಂಗಸರು ಏಳೆಂಟು ಜನ ಬಂದು ನಿಂತಿದ್ದರು. ಮುಂದಿನ ಕಟ್ಟಡದ ಬೆಂಚುಗಳೆಲ್ಲ ಆಗಲೇ ಒಳಗೆ ಹೋಗಿದ್ದವು. ಏಳನೇ ಕೋಣೆಯ ಹತ್ತು ಬೆಂಚುಗಳು ಬಿಸಿಲಲ್ಲೇ ಇದ್ದವು.

ಆಯಾ ಏಳನೇ ಕೋಣೆಯ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಿದ್ದಳು. ಶಾಲೆಯ ಬೀಗದಕೈ ಗೊಂಚಲು ಎಂದಿನಂತೆ ಅವಳ ಸೊಂಟದಲ್ಲಿತ್ತು. ಇಡೀ ಶಾಲೆ ಗುಡಿಸುವವಳ ಹತ್ತಿರ ಇಡೀ ಶಾಲೆಯ ಬೀಗದಕೈ ಇರುತ್ತದೆ.

ಹೆಡ್ಮಾಸ್ಟರು ಬೇಗ ಬೇಗ ನಡೆದು ಬಂದರು. ಹಿಂದೆ ಅಧ್ಯಕ್ಷರು.

"ಆಯಾ, ಏನಿದು? ಏಳು. ಬಾಗಿಲು ತೆಗೆ."

"ತೆಗೆಯಲ್ಲ ಸಾರ್."

"ಬೆಂಚು?"

"ಎತ್ತಲ್ಲ."

ಹೆಡ್ಮಾಸ್ಟರು ಸುತ್ತ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಇವಳ ಬಾಯಲ್ಲಿ 'ಇಲ್ಲ' ಕೇಳಿದವರಲ್ಲ.

"ಇವಳ ಕೈಯಿಂದ ಬೀಗದಕೈ ಕಿತ್ಕೊಳ್ರೀ" ಎಂದರು ಅಧ್ಯಕ್ಷರು. "ಒಂದು ಗುಡಿಸೋಳಿಗೆ ಇಷ್ಟು ಕೊಬ್ಬಾ?"

ಯಾರೂ ಮುಂದೆ ಬರಲಿಲ್ಲ. ಕಿತ್ತುಕೊಳ್ಳಬೇಕಾದರೆ ಅವಳನ್ನು ಮುಟ್ಟಬೇಕಿತ್ತು.

ಆಯಾ ಎದ್ದಳು. ಮೊಣಕಾಲು ಲಟಕ್ಕೆಂದಿತು. ಗೊಂಚಲಿನಿಂದ ಒಂದು ಬೀಗದಕೈಯನ್ನು ನಿಧಾನವಾಗಿ ಬಿಡಿಸಿ ಅಧ್ಯಕ್ಷರ ಮುಂದೆ ಹಿಡಿದಳು.

"ತಗೊಳ್ಳಿ. ಏಳನೇ ರೂಮಿಂದು. ಹಸಿರು ತಾನೇ? ನೀವು ಹೋಗಿ ಕೂತ್ಕೊಳ್ಳಿ. ಹಿಂದಿನ ಬೆಂಚು. ಗೋಡೆ ತಣ್ಣಗಿರತ್ತಂತೆ, ಒರಗಿಕೊಳ್ಳಿ. ನಿಮ್ಮ ಮೊಮ್ಮಗ ನಾಲ್ಕನೇ ಕ್ಲಾಸು ಅಲ್ವಾ, ಅವನನ್ನೂ ಕರ್ಕೊಳ್ಳಿ. ಸಾಯಂಕಾಲ ಗಂಟೆ ಹೊಡೆಯೋವರೆಗೂ ಕೂತಿದ್ದು ಬನ್ನಿ. ಆಮೇಲೆ ನಾನೇ ಬೆಂಚು ಹಾಕ್ತೀನಿ."

ಬೀಗದಕೈ ಗಾಳಿಯಲ್ಲೇ ಇತ್ತು. ಅಧ್ಯಕ್ಷರು ಅದನ್ನು ನೋಡಿದರು. ಕೈ ಚಾಚಲಿಲ್ಲ. ಬೇಲಿಯ ಆಚೆಯಿಂದ ಮಗಳ ದನಿ ಬಂತು. "ಯಾಕೆ ಸ್ವಾಮೀ, ವಾಸನೆ ಬರತ್ತಾ?" ಹೆಂಗಸರು ನಕ್ಕರು.

ಆಗ ಜೀಪು ಬಂತು. ಎಂಜಿನಿಯರಮ್ಮ ಮೆಟ್ಟಿಲಿನ ಸೀಳು ನೋಡಲು ಬಂದಿದ್ದಳು. ಗುಂಪು ಕಂಡು ಇತ್ತ ನಡೆದಳು. ಆಯಾಳನ್ನು ನೋಡಿ ಗುರುತು ಹಿಡಿದು ಮುಗುಳ್ನಕ್ಕಳು. "ಕೆಮ್ಮು ಹೇಗಿದೆ ಅಮ್ಮ?"

ಆ ಪ್ರಶ್ನೆಗೆ ಆಯಾಳ ಮನಸ್ಸು ಒಂದು ಕ್ಷಣ ಕರಗಿತು. ಮತ್ತೆ ಗಟ್ಟಿ ಮಾಡಿಕೊಂಡಳು.

"ಅಮ್ಮಾ, ಅವತ್ತು ನೀರು ಕೊಟ್ರಿ. ಸಾಯೋವರೆಗೂ ಮರೆಯಲ್ಲ. ಆದ್ರೆ ಹಿಂದ್ಗಡೆ ನೀವು ನೋಡ್ಲಿಲ್ಲ. ನೋಡಿದೀನಿ ಅಂತ ಬರಕೊಂಡ್ರಿ."

ಎಂಜಿನಿಯರಮ್ಮನ ನಗು ನಿಂತಿತು.

"ನಾನೂ ತಪ್ಪು ಮಾಡಿದೀನಿ. ಬಿರುಕಿಗೆ ಬಟ್ಟೆ ತುರುಕಿ ಸುಣ್ಣ ಮೆತ್ತಿದೋಳು ನಾನು. ಮಾಡು ಅಂದೋರು ಇವರು. ಈಗ ಬನ್ನಿ, ಹಿಂದಕ್ಕೆ."

ಹಿತ್ತಲಿನ ಬಾಯಲ್ಲಿ ಎಂಜಿನಿಯರಮ್ಮ ನಿಂತಳು. ಹೊಲಸು ಇನ್ನೂ ಅರ್ಧ ಹಾಗೇ ಇತ್ತು. ಬೇರೆ ದಿನವಾಗಿದ್ದರೆ ಆಯಾ ಓಡಿ ಹೋಗಿ ಇಟ್ಟಿಗೆ ತಂದು, ಹೆಜ್ಜೆಗೊಂದರಂತೆ ಹಾಸಿ, ಬೂಟಿಗೆ ಏನೂ ಅಂಟದ ಹಾಗೆ ದಾರಿ ಮಾಡಿಕೊಡುತ್ತಿದ್ದಳು. ಇಟ್ಟಿಗೆ ಅಲ್ಲೇ ಬಿದ್ದಿದ್ದವು. ಅವಳು ಮುಟ್ಟಲಿಲ್ಲ.

"ಬನ್ನಿ" ಎಂದಳು. "ನಾನು ದಿನಾ ಬರ್ತೀನಿ."

ಎಂಜಿನಿಯರಮ್ಮ ಬೂಟು ಇಟ್ಟಳು. ಕಣಕಾಲವರೆಗೆ ಇಳಿಯಿತು. ಮತ್ತೊಂದು ಹೆಜ್ಜೆ ಇಟ್ಟಳು. ಹೆಡ್ಮಾಸ್ಟರು ಒಂದು ಗಳಿಗೆ ಚಪ್ಪಲಿ ನೋಡಿಕೊಂಡು, ಆಮೇಲೆ ಅದನ್ನು ಬಿಟ್ಟು ಬರಿಗಾಲಲ್ಲಿ ಇಳಿದರು. ಅಧ್ಯಕ್ಷರು ಆಚೆಯೇ ನಿಂತರು.

ಗೋಡೆಯ ಮುಂದೆ ಮೂವರೂ ನಿಂತರು. ಎಂಜಿನಿಯರಮ್ಮ ಸುತ್ತಿಗೆ ತೆಗೆಯಲಿಲ್ಲ, ಅಳತೆಯ ಪಟ್ಟಿ ತೆಗೆಯಲಿಲ್ಲ. ಬಿರುಕಿನೊಳಗೆ ಕೈ ಹಾಕಿ, ಸಿಕ್ಕ ನೀಲಿ ತುದಿಯನ್ನು ಹಿಡಿದು ಎಳೆದಳು. ಒಳಗೆ ಸುಣ್ಣ ಬಿರಿದು ಬಿದ್ದ ಸದ್ದಾಯಿತು. ಬಟ್ಟೆ ಬಂತು. ಬರುತ್ತಲೇ ಹೋಯಿತು. ಕೊನೆಗೆ ಎರಡು ಪುಟ್ಟ ತೋಳುಗಳು, ಕುತ್ತಿಗೆಯ ಪಟ್ಟಿ, ಉಳಿದಿದ್ದ ಒಂದೇ ಗುಂಡಿ.

ಗೋಡೆಯೊಳಗಿನಿಂದ ಮಗುವಿನ ಫ್ರಾಕು ಹೊರಗೆ ಬಂದಿತ್ತು. ಅದು ಇದ್ದ ಜಾಗದಲ್ಲಿ ಕೋಣೆಯ ಒಳಗಿನ ಕಪ್ಪುಹಲಗೆ ಕಾಣುತ್ತಿತ್ತು.

"ಯಾರದ್ದಿದು?" ಎಂದಳು ಎಂಜಿನಿಯರಮ್ಮ.

"ಮೊಮ್ಮಗಳದ್ದು. ಇವತ್ತು ಅವಳು ಕೂರಬೇಕಾಗಿದ್ದ ಜಾಗವೂ ಇದೇ."

ಹೆಡ್ಮಾಸ್ಟರು ಹೊಲಸಿನಲ್ಲಿ ನಿಂತು ಮುಖ ಮುಚ್ಚಿಕೊಂಡರು.

"ಅವತ್ತು ಹನ್ನೊಂದು ಶಾಲೆ ಇತ್ತಮ್ಮ" ಎಂದಳು ಎಂಜಿನಿಯರಮ್ಮ. ಅಷ್ಟು ಹೇಳಿ ನಿಲ್ಲಿಸಿದಳು. ಆಮೇಲೆ, "ಅದು ನೆಪ. ತಪ್ಪು ನನ್ನದು" ಎಂದಳು.

ಆಯಾ ಸಮಾಧಾನ ಹೇಳಲಿಲ್ಲ. ಹೇಳಬೇಕು ಅನ್ನಿಸಿತು. ಜೀವಮಾನವಿಡೀ ಅವಳು ದೊಡ್ಡವರಿಗೆ ಸಮಾಧಾನ ಹೇಳಿದವಳೇ. ಇವತ್ತು ಸುಮ್ಮನಿದ್ದಳು.

ಬಾಗಿಲ ಮೇಲಿನ ಹಸಿರು ದುಂಡಿನ ಮೇಲೆ ಕೆಂಪು ಬಳಿಯಲಾಯಿತು. ಹಸಿರು ಪೂರ್ತಿ ಮುಚ್ಚಲಿಲ್ಲ, ಅಂಚಿನಲ್ಲಿ ಇಣುಕುತ್ತಿತ್ತು. ಗುಮಾಸ್ತ ಎರಡನೇ ಸಲ ಬಳಿದ.

"ಸರಿ" ಎಂದರು ಅಧ್ಯಕ್ಷರು, ಕೈ ಒರೆಸಿಕೊಳ್ಳುತ್ತ. "ಆಯ್ತಲ್ಲ, ಕೆಂಪಾಯ್ತು. ಹೊಸದು ಕಟ್ಟೋವರೆಗೂ ಈ ಮಕ್ಕಳು ಮನೇಲಿರ್ಲಿ. ಒಂದು ವರ್ಷವೋ ಎರಡು ವರ್ಷವೋ."

"ಹಾಲಿದೆಯಲ್ಲ" ಎಂದಳು ಆಯಾ.

"ಹಾಲು ಸಭೆಗೆ."

ಆಯಾ ಎಂಜಿನಿಯರಮ್ಮನ ಕಡೆ ನೋಡಿದಳು. ಎಂಜಿನಿಯರಮ್ಮ ನೆಲ ನೋಡಿದಳು. "ಯಾರನ್ನ ಎಲ್ಲಿ ಕೂರಿಸಬೇಕು ಅನ್ನೋದು ನನ್ನ ಕೈಲಿಲ್ಲ ಅಮ್ಮ" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಕೈಯಲ್ಲಿ ಮೂರು ಬಣ್ಣವಿದ್ದವು, ಅಷ್ಟೆ. ಫ್ರಾಕನ್ನು ಮಡಿಸಿ ಆಯಾಳ ಕೈಗೆ ಕೊಟ್ಟಳು. ಹೊಲಸು ಅಂಟಿದ ಬೂಟಿನಲ್ಲೇ ಮೆಟ್ಟಿಲಿನ ಸೀಳು ನೋಡಲು ಹೋದಳು.

ಆಯಾ ಫ್ರಾಕನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಂಗಳಕ್ಕೆ ನಡೆದು ಬಿಸಿಲಲ್ಲಿದ್ದ ಮೊದಲ ಬೆಂಚಿನ ಒಂದು ತುದಿ ಹಿಡಿದು ಎತ್ತಿದಳು.

"ಬೆಂಚು ಎತ್ತಲ್ಲ ಅಂದ್ಯಲ್ಲ?" ಎಂದರು ಅಧ್ಯಕ್ಷರು.

"ಅಲ್ಲಿಗೆ ಎತ್ತಲ್ಲ ಅಂದೆ."

ಬೇಲಿ ದಾಟಿ ಬಂದ ಮಗಳು ಇನ್ನೊಂದು ತುದಿ ಹಿಡಿದಳು. ಬೆಂಚು ನಡುವಿನ ಹಗ್ಗಕ್ಕೆ ತಾಗಿತು. ಆಯಾ ನಿಲ್ಲಲಿಲ್ಲ. ತಾನೇ ಕಟ್ಟಿದ ಗಂಟು, ಎಷ್ಟು ಎಳೆದರೆ ಬಿಚ್ಚುತ್ತದೆಂದು ಗೊತ್ತಿತ್ತು. ಹಗ್ಗ ನೆಲಕ್ಕೆ ಬಿತ್ತು. ಮಗಳ ಹಿಂದೆಯೇ ಬೇಲಿ ದಾಟಿ ಬಂದ ಹೆಂಗಸರು ಉಳಿದ ಬೆಂಚು ಎತ್ತಿದರು.

"ಪೊಲೀಸರನ್ನ ಕರೀತೀನಿ" ಎಂದರು ಅಧ್ಯಕ್ಷರು. ಫೋನು ಹೊರಗೆ ತೆಗೆದರು. "ನಿನ್ನ ಕೆಲಸ ಇವತ್ತಿಗೆ ಮುಗೀತು ತಿಳ್ಕೋ."

"ಒಂದು ನೆಲ ತೊಳೆಯೋದು ಬಾಕಿ ಇದೆ" ಎಂದಳು ಆಯಾ.

ಅವಳು ಹೆಡ್ಮಾಸ್ಟರ ಮುಖ ನೋಡಿದಳು. ಬರಿಗಾಲಲ್ಲಿ ನಿಂತಿದ್ದ ಅವರು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಹಾದಿಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಆಯಾ ಗೊಂಚಲಿನಿಂದ ಹಾಲಿನ ಬೀಗದಕೈ ಹುಡುಕಿ ಬಾಗಿಲು ತೆಗೆದಳು. ಬೆಂಚುಗಳನ್ನು ಜಗಲಿಯಲ್ಲೇ ಇಳಿಸಲು ಹೇಳಿದಳು. ಮಕ್ಕಳನ್ನು ಹೊಸ್ತಿಲಾಚೆ ನಿಲ್ಲಿಸಿದಳು. ಚಿಟಿಕೆ ಒಳಗೆ ಓಡಲು ನೋಡಿದಾಗ ತೋಳು ಹಿಡಿದು ತಡೆದಳು.

"ಹಸಿರಲ್ವಾ ಅಜ್ಜಿ, ಬಾಗಿಲ ಮೇಲಿದೆ."

"ಇರ್ಲಿ. ನಿಲ್ಲು."

ಬಕೆಟ್ ತುಂಬಿ ತಂದಳು. ಒಬ್ಬಳೇ ಒಳಗೆ ಹೋದಳು. ಹಾಲಿನ ಕೊನೆಯ ಗೋಡೆಯವರೆಗೆ ನಡೆದು, ಅದರ ಬುಡದಲ್ಲಿ ನಿಂತು, ಬಕೆಟ್ ಬೋರಲು ಹಾಕಿದಳು. ನೀರು ಅಗಲವಾಗಿ ಹರಡಿ ಒಂದು ಗಳಿಗೆ ಯೋಚಿಸುವಂತೆ ನಿಂತಿತು. ಜಗಲಿಯಲ್ಲಿ ಅಧ್ಯಕ್ಷರು ಫೋನಿನಲ್ಲಿ ಯಾರಿಗೋ ಶಾಲೆಯ ದಾರಿ ಹೇಳುತ್ತಿದ್ದರು. ಆಯಾ ಪೊರಕೆ ಹಿಡಿದು ಬಗ್ಗಿ ಕಾದಳು.

ನೀರು ಹೊರಟಿತು. ಅವಳ ಪಾದವನ್ನು ಬಿಟ್ಟು ಮುಂದೆ ಹೋಯಿತು. ಹಾಲಿನ ಉದ್ದಕ್ಕೂ ನೆಟ್ಟಗೆ ಹರಿದು, ಹೊಸ್ತಿಲು ದಾಟಿ, ಸಾಲಾಗಿ ನಿಂತ ಮಕ್ಕಳ ಬರಿಗಾಲುಗಳನ್ನು ನೆನೆಸಿತು.

"ಈಗ ಬನ್ನಿ" ಎಂದಳು ಆಯಾ.